ಬ್ರುನೆಲ್ಲೊ ಬಾಟಲಿಯಲ್ಲಿ ಒಂದೇ ದ್ರಾಕ್ಷಿ ಯಾಕಿರಬೇಕು?

ಇಟಲಿಯ ದುಬಾರಿ ಕೆಂಪು ವೈನುಗಳಲ್ಲಿ ಬ್ರುನೆಲ್ಲೊ ದಿ ಮೊಂಟಾಲ್ಚಿನೊ ಹೆಸರು ಯಾವತ್ತೂ ಮೇಲಿನ ಸಾಲಿನಲ್ಲೇ ಇರುತ್ತದೆ. ಟಸ್ಕನಿಯ ಮೊಂಟಾಲ್ಚಿನೊ ಎಂಬ ಗುಡ್ಡದ ಮೇಲಿನ ಊರಿನ ಸುತ್ತ ಬೆಳೆದ ಸಾಂಜೊವೇಸೆ ದ್ರಾಕ್ಷಿಯಿಂದಲೇ ಇದನ್ನು ಮಾಡಬೇಕು. ಬೇರೆ ದ್ರಾಕ್ಷಿಯ ಒಂದು ಹನಿಯೂ ಸೇರುವಂತಿಲ್ಲ. ಕೇಳೋಕೆ ಸರಳ. ಆದರೆ 2008ರಿಂದ ಈ ನಿಯಮದ ಸುತ್ತ ನಡೆದ ತನಿಖೆ, ಮತದಾನ, ವಾದ ಎಲ್ಲವನ್ನೂ ಒಟ್ಟಿಗೆ ಓದಲು ಕೂತರೆ ತಲೆ ಗಿರ್ ಅನ್ನುತ್ತದೆ. ಯಾರು ಏನು ಬೆರೆಸಿದರು ಅನ್ನುವುದು ಆಮೇಲೆ. ಬೆರೆಸಬಾರದು ಎಂಬ ಕಟ್ಟಳೆ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡೋಣ.

ಅದರ ಬೇರು ಒಂದು ಮನೆತನದಲ್ಲಿದೆ. 19ನೇ ಶತಮಾನದ ನಡುವೆ ಕ್ಲೆಮೆಂತೆ ಸಾಂತಿ ಎಂಬುವರು ಊರಿನ ಪಕ್ಕದ ಇಲ್ ಗ್ರೆಪ್ಪೊ ತೋಟದಲ್ಲಿ ವೈನ್ ಮಾಡುತ್ತಿದ್ದರು. ಓದಿದ್ದು ಔಷಧಶಾಸ್ತ್ರ. ಅವರ 1865ರ ಕೆಂಪು ವೈನಿಗೆ 1869ರಲ್ಲಿ ಕೃಷಿ ಮೇಳವೊಂದರಲ್ಲಿ ಬಹುಮಾನ ಬಂತು. ಅವರ ಮಗಳ ಮಗ ಫೆರುಚ್ಚೊ ಗ್ಯಾರಿಬಾಲ್ಡಿಯ ಪಡೆಯಲ್ಲಿ ಕಾದಾಡಿ ಬಂದವರು. ಅಪ್ಪನ ಮನೆ, ತಾತನ ಮನೆ ಎರಡರ ಹೆಸರನ್ನೂ ಸೇರಿಸಿ ಬಿಯೊಂದಿ ಸಾಂತಿ ಎಂದು ಕರೆದುಕೊಂಡರು. ಆಗ ಟಸ್ಕನಿಯಲ್ಲಿ ಸಾಂಜೊವೇಸೆ ಜೊತೆ ಬಿಳಿ ದ್ರಾಕ್ಷಿಯನ್ನೂ ಸೇರಿಸಿ, ಬೇಗ ಕುಡಿದು ಮುಗಿಸುವ ವೈನ್ ಮಾಡುವುದು ಮಾಮೂಲು. ಫೆರುಚ್ಚೊ ಉಲ್ಟಾ ಹೊರಟರು. ಸಾಂಜೊವೇಸೆಯ ಒಳ್ಳೆಯ ಬಳ್ಳಿಗಳನ್ನು ಆರಿಸಿ ಬೆಳೆಸಿದರು. ಅದೊಂದರಿಂದಲೇ ವೈನ್ ತೆಗೆದು ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರು. ಅವರ 1888ರ ಫಸಲಿನ ವೈನನ್ನೇ ಮೊದಲ ಬ್ರುನೆಲ್ಲೊ ಎಂದು ಎಣಿಸುವ ರೂಢಿ ಇದೆ.

ಮುಂದಿನ ತಲೆಮಾರಿನ ತಾಂಕ್ರೆದಿ ಇನ್ನೂ ಹಟದವರು. ಎರಡನೇ ಮಹಾಯುದ್ಧದಲ್ಲಿ ಸೈನ್ಯಗಳು ಊರು ದಾಟುವಾಗ ನೆಲಮಾಳಿಗೆಯಲ್ಲಿ ಗೋಡೆ ಎಬ್ಬಿಸಿ ಹಳೆಯ ಬಾಟಲಿಗಳನ್ನು ಬಚ್ಚಿಟ್ಟರು. 1966ರಲ್ಲಿ ಬ್ರುನೆಲ್ಲೊಗೆ ಡಿಒಸಿ ಮನ್ನಣೆ ಸಿಕ್ಕಿತು. ನಮ್ಮ ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಇದೆಯಲ್ಲ, ಇದೂ ಅದೇ ಜಾತಿಯದು, ಆದರೆ ಇನ್ನೂ ಬಿಗಿ. ಯಾವ ದ್ರಾಕ್ಷಿ, ಹೆಕ್ಟೇರಿಗೆ ಎಷ್ಟು ಇಳುವರಿ, ಪೀಪಾಯಿಯಲ್ಲಿ ಎಷ್ಟು ಕಾಲ, ಎಲ್ಲವೂ ಕಾಗದದ ಮೇಲಿರುತ್ತದೆ. ಆ ಕಾಗದ ಸಿದ್ಧಪಡಿಸುವುದರಲ್ಲಿ ತಾಂಕ್ರೆದಿ ಅವರ ಕೈ ದೊಡ್ಡದು. ಒಂದು ಮನೆಯ ಪದ್ಧತಿ ಇಡೀ ಊರಿಗೆ ಕಾನೂನಾಯಿತು ಅನ್ನಬಹುದು. ಆಗ ಯಾರೂ ತಕರಾರು ಎತ್ತಲಿಲ್ಲ. ಬ್ರುನೆಲ್ಲೊ ತೋಟವೆಲ್ಲ ಸೇರಿದರೂ ನೂರು ಹೆಕ್ಟೇರ್ ಮುಟ್ಟುತ್ತಿರಲಿಲ್ಲ.

ಆಮೇಲಿನದು ಹಣದ ಕತೆ. 1978ರಲ್ಲಿ ಅಮೆರಿಕದ ಆಮದುದಾರ ಕುಟುಂಬವೊಂದು ಇಲ್ಲಿ ದೊಡ್ಡ ಜಮೀನು ಹಿಡಿಯಿತು, 1980ರಲ್ಲಿ ಡಿಒಸಿಜಿ ಎಂಬ ಇನ್ನೂ ಮೇಲಿನ ದರ್ಜೆ ಸಿಕ್ಕಿತು, ಅಲ್ಲಿಂದ ತೋಟ ಬೆಳೆದು ಬೆಳೆದು ಸುಮಾರು 2,100 ಹೆಕ್ಟೇರಿಗೆ ಬಂತು. ಅಂದರೆ 5,000 ಎಕರೆಗೂ ಜಾಸ್ತಿ.

ತೊಡಕು ಹುಟ್ಟಿದ್ದು ಇಲ್ಲೇ ಅಂತ ನನಗನಿಸುತ್ತದೆ. ಸಾಂಜೊವೇಸೆ ಎಲ್ಲಿ ನೆಟ್ಟರೂ ಒಂದೇ ಥರ ಬರುವ ಬಳ್ಳಿಯಲ್ಲ. ನಿಧಾನಕ್ಕೆ ಹಣ್ಣಾಗುತ್ತದೆ, ನೆಲ ಬದಲಾದರೆ ರುಚಿಯೂ ಬದಲು. ಗ್ರೆಪ್ಪೊ ತೋಟ ಇರುವುದು ಎತ್ತರದಲ್ಲಿ. ಕೆಲವು ಹೊಲ ಸಮುದ್ರಮಟ್ಟದಿಂದ 500 ಮೀಟರ್ ಹತ್ತಿರ. ಹೊಸ ತೋಟಗಳಲ್ಲಿ ಎಷ್ಟೋ ತಗ್ಗಿನ ಜೇಡಿಮಣ್ಣಿಗೆ ಇಳಿದವು. ಹಿಂದೆ ಅಲ್ಲಿ ಗೋಧಿಯೋ ಇನ್ನೊಂದೋ ಬೆಳೆಯುತ್ತಿದ್ದರು. ಅಲ್ಲಿನ ಸಾಂಜೊವೇಸೆ ಎಲ್ಲ ವರ್ಷವೂ ಒಂಟಿಯಾಗಿ ನಿಲ್ಲುವಷ್ಟು ಗಟ್ಟಿ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಕೊಳ್ಳುವವರ ರುಚಿ ಬೇರೆ ಆಯಿತು. 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬೇಕಾಗಿದ್ದು ಕಪ್ಪು ಬಣ್ಣದ, ದಪ್ಪ, ಬೇಗ ಕುಡಿಯಬಹುದಾದ ವೈನ್. ಸಾಂಜೊವೇಸೆಯ ಬಣ್ಣ ತೆಳು. ಹುಳಿ ಜಾಸ್ತಿ, ಒಗರೂ ಇದೆ. ಮೆರ್ಲೋ ಎಂಬ ಇನ್ನೊಂದು ಕೆಂಪು ವೈನ್ ದ್ರಾಕ್ಷಿಯನ್ನು ಸ್ವಲ್ಪ ಸೇರಿಸಿದರೆ ಈ ಮೂರೂ ಸರಿಹೋಗುತ್ತವೆ. ಪೀಪಾಯಿಯ ಅವಧಿಯನ್ನು ಕಾನೂನೇ ಸಡಿಲಿಸಿತು. ಮೊದಲು ನಾಲ್ಕು ವರ್ಷ ಇದ್ದದ್ದು ಈಗ ಎರಡು. ದ್ರಾಕ್ಷಿಯ ವಿಷಯ ಮಾತ್ರ ಕದಲಲಿಲ್ಲ.

ಬೆರೆಸಲೇಬೇಕು ಅನ್ನುವವರಿಗೆ ದಾರಿ ಇರಲಿಲ್ಲವೇ? ಇತ್ತು. 1996ರಲ್ಲಿ ಇದೇ ಸೀಮೆಗೆ ಸಾಂತಾಂತಿಮೊ ಎಂಬ ಬೇರೆ ಡಿಒಸಿ ಬಂತು. ಅದರಲ್ಲಿ ಮೆರ್ಲೋ, ಕ್ಯಾಬರ್ನೆ ಎಲ್ಲ ಬಳಸಬಹುದು. ಬಿಯೊಂದಿ ಸಾಂತಿ ಮನೆಯ ಯಾಕೊಪೊ ಅವರೇ ಸಾಂಜೊವೇಸೆಗೆ ಇವೆರಡನ್ನೂ ಸೇರಿಸಿ ಸ್ಕಿದಿಯೊನೆ ಎಂಬ ವೈನ್ ತಂದರು. ಆದರೆ ಅದನ್ನು ಬ್ರುನೆಲ್ಲೊ ಅನ್ನಲಿಲ್ಲ. ತೊಂದರೆ ಏನೆಂದರೆ, ಬ್ರುನೆಲ್ಲೊ ಹೆಸರಿಗೆ ಸಿಗುವ ಬೆಲೆ ಸಾಂತಾಂತಿಮೊಗೆ ಸಿಗುವುದಿಲ್ಲ.

2008ರ ವಸಂತದಲ್ಲಿ ಸುದ್ದಿ ಸಿಡಿಯಿತು. ಸಿಯೆನಾದ ಪ್ರಾಸಿಕ್ಯೂಟರ್ ಕಚೇರಿ ಹಲವು ಉತ್ಪಾದಕರ ಮೇಲೆ ತನಿಖೆ ನಡೆಸುತ್ತಿತ್ತು. ಲಕ್ಷಗಟ್ಟಲೆ ಲೀಟರ್ ವೈನ್ ಜಪ್ತಿಯಾಯಿತು. ಪತ್ರಿಕೆಗಳು 'ಬ್ರುನೆಲ್ಲೊಪೊಲಿ' ಎಂದು ಹೆಸರಿಟ್ಟವು. ಅದೇ ದಿನಗಳಲ್ಲಿ ಅಗ್ಗದ ವೈನಿನ ಕಲಬೆರಕೆಯ ಇನ್ನೊಂದು ಪ್ರಕರಣವೂ ಸುದ್ದಿಯಲ್ಲಿತ್ತು. ಹೊರದೇಶದ ಓದುಗರು ಎರಡನ್ನೂ ಒಂದೇ ಅಂದುಕೊಂಡರು. ಬ್ರುನೆಲ್ಲೊ ವಿಷಯದಲ್ಲಿ ಆರೋಗ್ಯದ ಪ್ರಶ್ನೆಯೇ ಇರಲಿಲ್ಲ. ಬೇರೆ ದ್ರಾಕ್ಷಿ ಬೆರೆಸಿ, ಲೇಬಲ್ ಮೇಲೆ ಸುಳ್ಳು ಹೇಳಿದರು ಎಂಬುದಷ್ಟೇ ಸಂಶಯ. ಅಷ್ಟೇ ಸಾಕಾಯಿತು. ನಿಯಮದ ಪ್ರಕಾರವೇ ಮಾಡಿದ ವೈನ್ ಎಂಬ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅಮೆರಿಕ ಹೇಳಿತು.

ಪ್ರಮಾಣಪತ್ರ ಕೊಡುವುದು ಸುಲಭವೂ ಅಲ್ಲ. ಮೆರ್ಲೋ, ಕ್ಯಾಬರ್ನೆಯ ಸಿಪ್ಪೆಯಲ್ಲಿರುವ ಕೆಲವು ಬಗೆಯ ಬಣ್ಣದ ಅಂಶಗಳು ಸಾಂಜೊವೇಸೆಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಲ್ಯಾಬ್ ಅದನ್ನೇ ಹುಡುಕುತ್ತದೆ. ಆದರೆ ವೈನ್ ಹಳೆಯದಾದಂತೆ ಈ ಅಂಶಗಳು ಒಂದಕ್ಕೊಂದು ಕೂಡಿಕೊಂಡು ಗುರುತು ಮಸುಕಾಗುತ್ತದೆ. ಬ್ರುನೆಲ್ಲೊ ಮಾರಾಟಕ್ಕೆ ಬರುವುದೇ ಕೊಯ್ಲಿನ ನಂತರದ ಐದನೇ ವರ್ಷ. ಕೊನೆಗೆ ಕೆಲವರು ತಮ್ಮ ವೈನನ್ನು ಟಸ್ಕನಿ ಐಜಿಟಿ ಎಂಬ ಕೆಳದರ್ಜೆಗೆ ಇಳಿಸಿಕೊಂಡರು. ಇನ್ನು ಕೆಲವರ ಸರಕಿಗೆ ಬಿಡುಗಡೆ ಸಿಕ್ಕಿತು.

ಆಗ ನಿಯಮವನ್ನೇ ಸಡಿಲಿಸಿ ಎಂಬ ದನಿ ಎದ್ದಿತ್ತು. 80 ದಾಟಿದ್ದ ಫ್ರಾಂಕೊ ಬಿಯೊಂದಿ ಸಾಂತಿ, ತಾಂಕ್ರೆದಿಯವರ ಮಗ, ಒಪ್ಪಲಿಲ್ಲ. 2008ರ ಅಕ್ಟೋಬರಿನಲ್ಲಿ ಉತ್ಪಾದಕರ ಒಕ್ಕೂಟ ಮತಕ್ಕೆ ಹಾಕಿತು. ಒಂದೇ ದ್ರಾಕ್ಷಿ ಇರಲಿ ಎಂದವರು ನೂರಕ್ಕೆ 96. ಇಷ್ಟೊಂದು ಜನ ಶುದ್ಧ ಸಾಂಜೊವೇಸೆಯ ಪರವಾಗಿದ್ದರೆ ಮೆರ್ಲೋ ಬೆರೆಸುತ್ತಿದ್ದವರು ಯಾರಪ್ಪಾ ಅಂತ ಆಗಲೇ ಕೆಲವರು ನಕ್ಕಿದ್ದರು. 2011ರಲ್ಲಿ ಬ್ರುನೆಲ್ಲೊದ ತಮ್ಮನಂತಿರುವ ರೊಸ್ಸೊ ದಿ ಮೊಂಟಾಲ್ಚಿನೊಗಾದರೂ ಬೇರೆ ದ್ರಾಕ್ಷಿ ಸೇರಿಸೋಣ ಎಂಬ ಪ್ರಸ್ತಾಪ ಬಂತು. ಅದೂ ಬಿತ್ತು.

ಫ್ರಾಂಕೊ 2013ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಇಲ್ ಗ್ರೆಪ್ಪೊ ಫ್ರಾನ್ಸಿನ ಇಪಿಐ ಕಂಪನಿಯ ಕೈಸೇರಿತು. ಷಾಂಪೇನ್ ಮಾಡುವ ಪೈಪರ್ ಹೈಡ್ಸಿಕ್ ಇರುವುದೂ ಇದೇ ಕಂಪನಿಯ ಕೆಳಗೆ. ದೊಡ್ಡ ಪೀಪಾಯಿ, ಒಂದೇ ದ್ರಾಕ್ಷಿ ಎರಡೂ ಉಳಿದಿವೆ. ಮೊಂಟಾಲ್ಚಿನೊದವರ ಚಿಂತೆ ಈಗ ಬಿಸಿಲಿನ ಕಡೆಗೆ ತಿರುಗಿದೆ. ದ್ರಾಕ್ಷಿ ಬೇಗ ಹಣ್ಣಾಗುತ್ತಿದೆ, ಸಕ್ಕರೆ ಏರಿ ಆಲ್ಕೋಹಾಲ್ ಹೆಚ್ಚುತ್ತಿದೆ. ಒಂದು ಕಾಲಕ್ಕೆ ತೀರಾ ತಂಪು ಎಂದು ಬಿಟ್ಟಿದ್ದ ಉತ್ತರದ ಇಳಿಜಾರು, ಎತ್ತರದ ಹೊಲಗಳಿಗೇ ಈಗ ಬೇಡಿಕೆ.