ಗ್ರಾಸಾ ಮಶೆಲ್: 1996ರ ವರದಿಯಿಂದ ಓದೋಣ

ಪರೀಕ್ಷೆಗೆ ಓದುವಾಗ ಗ್ರಾಸಾ ಮಶೆಲ್ ಅಂದ ಕೂಡಲೇ ನಾವು ಒಂದೇ ಸಾಲು ಬರೆದುಕೊಳ್ಳುತ್ತೇವೆ: ಮೊಜಾಂಬಿಕ್‌ನ ಸಮೋರಾ ಮಶೆಲ್, ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ, ಇಬ್ಬರು ಅಧ್ಯಕ್ಷರ ಪತ್ನಿ. ತಪ್ಪೇನಿಲ್ಲ. ಮಂಡೇಲಾ ಜೊತೆ ಮದುವೆಯಾಗಿದ್ದು 1998ರ ಜುಲೈ 18ರಂದು, ಅವರ 80ನೇ ಹುಟ್ಟುಹಬ್ಬದ ದಿನ. ಆದರೆ ಅಲ್ಲಿಗೇ ನಿಲ್ಲಿಸಿದರೆ ಗ್ರಾಸಾ ಮಾಡಿದ ಕೆಲಸವೇ, ಅಂದರೆ ಯುದ್ಧದಲ್ಲಿ ಸಿಕ್ಕ ಮಕ್ಕಳ ಬಗ್ಗೆ ವಿಶ್ವಸಂಸ್ಥೆಗೆ ಬರೆದ 1996ರ ವರದಿಯೇ, ಬಿಟ್ಟುಹೋಗುತ್ತದೆ.

ಹುಟ್ಟಿದ್ದು 1945ರಲ್ಲಿ, ಮೊಜಾಂಬಿಕ್‌ನ ಗಾಜಾ ಪ್ರಾಂತ್ಯದಲ್ಲಿ (ಪ್ಯಾಲೆಸ್ಟೀನಿನ ಗಾಜಾ ಬೇರೆ). ಆಗ ಅದು ಪೋರ್ಚುಗೀಸರ ವಸಾಹತು. ಮಗಳು ಹುಟ್ಟುವ ಕೆಲವೇ ವಾರ ಮೊದಲು ತಂದೆ ತೀರಿಕೊಂಡಿದ್ದರು. ಮಿಷನ್ ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಹೋದರೆ, ತರಗತಿಯಲ್ಲಿ 40 ಬಿಳಿಯ ಮಕ್ಕಳ ನಡುವೆ ಇವರೊಬ್ಬರೇ ಕಪ್ಪು ಹುಡುಗಿ. ಅದೂ ತಮ್ಮದೇ ದೇಶದಲ್ಲಿ! ಮುಂದೆ ವಿದ್ಯಾರ್ಥಿವೇತನದಲ್ಲಿ ಲಿಸ್ಬನ್‌ಗೆ ಹೋದರು. 1973ರಲ್ಲಿ ಫ್ರೆಲಿಮೊ ಎಂಬ ವಿಮೋಚನಾ ಚಳವಳಿ ಸೇರಿದರು.

1975ರ ಜೂನ್ 25ರಂದು ಸ್ವಾತಂತ್ರ್ಯ ಬಂತು. ಗ್ರಾಸಾ 29ರ ವಯಸ್ಸಿಗೇ ಶಿಕ್ಷಣ ಮಂತ್ರಿಯಾದರು. ಆಗ ನೂರರಲ್ಲಿ 90ಕ್ಕೂ ಜಾಸ್ತಿ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಮಕ್ಕಳು ಶಾಲೆಗೆ ಬರತೊಡಗಿದರು. ಆದರೆ ಅಂತರ್ಯುದ್ಧ ಶುರುವಾಯಿತು. ರೆನಾಮೊ ಬಂಡುಕೋರರು ಶಾಲೆಗಳನ್ನು ಸುಟ್ಟರು, ಮೇಷ್ಟ್ರುಗಳನ್ನು ಕೊಂದರು, ಮಕ್ಕಳನ್ನು ಹಿಡಿದೊಯ್ದು ಬಂದೂಕು ಹೊರಿಸಿದರು. 1986ರಲ್ಲಿ ಸಮೋರಾ ವಿಮಾನ ಅಪಘಾತದಲ್ಲಿ ಸತ್ತರು.

ಇಷ್ಟನ್ನು ಕಣ್ಣಾರೆ ಕಂಡವರಿಗೇ 1994ರಲ್ಲಿ ವಿಶ್ವಸಂಸ್ಥೆ ಒಂದು ಕೆಲಸ ಒಪ್ಪಿಸಿತು: ಯುದ್ಧ ಮಕ್ಕಳಿಗೆ ಏನು ಮಾಡುತ್ತದೆ ಅಂತ ನೋಡಿ ಬನ್ನಿ. ಅಂಗೋಲಾ, ರುವಾಂಡಾ, ಕಾಂಬೋಡಿಯಾ, ಕೊಲಂಬಿಯಾ ಎಲ್ಲ ಸುತ್ತಿದರು. 1996ರಲ್ಲಿ ವರದಿ ಬಂತು.

ಅದರಲ್ಲಿನ ಒಂದು ಮಾತು ನನಗೆ ಮರೆಯಲು ಆಗುತ್ತಿಲ್ಲ. ಎಕೆ-47 ಬಂದೂಕನ್ನು ಹತ್ತು ವರ್ಷದ ಮಗು ಕೂಡ ಬಿಚ್ಚಿ ಮತ್ತೆ ಜೋಡಿಸಬಲ್ಲದು. ಅಂದರೆ, ಆಯುಧ ಹಗುರವಾಗಿ, ಅಗ್ಗವಾಗಿ ಸಿಗತೊಡಗಿದ್ದೇ ಮಕ್ಕಳನ್ನು ಸೈನಿಕರಾಗಿಸಲು ದಾರಿ ಮಾಡಿಕೊಟ್ಟಿತು. ಬಾಲ ಸೈನಿಕರ ಬಗ್ಗೆ ಪ್ರಶ್ನೆ ಬಂದರೆ ಬಡತನ ಅಂತ ಸುಮ್ನೆ ಬರೆದು ಮುಗಿಸಬೇಡಿ, ಈ ಕಾರಣವನ್ನೂ ಬರೆಯಿರಿ.

ವರದಿಯ ನಂತರ ಮಕ್ಕಳು ಮತ್ತು ಸಶಸ್ತ್ರ ಸಂಘರ್ಷಕ್ಕೆಂದೇ ವಿಶ್ವಸಂಸ್ಥೆಯಲ್ಲಿ ವಿಶೇಷ ಪ್ರತಿನಿಧಿ ಹುದ್ದೆ ಬಂತು. 2000ದಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಹೊಸ ಪ್ರೋಟೊಕಾಲ್ (ಪೂರಕ ಒಪ್ಪಂದ) ಸೇರಿತು. ಇಲ್ಲೇ ಹಲವರು ಎಡವುತ್ತಾರೆ. 18 ತುಂಬದವರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುವಂತಿಲ್ಲ, ನೇರ ಕಾಳಗಕ್ಕೆ ಇಳಿಸುವಂತಿಲ್ಲ. ಆದರೆ ಸ್ವಇಚ್ಛೆಯಿಂದ ಬಂದರೆ 16 ತುಂಬಿದವರನ್ನು ದೇಶದ ಸೇನೆ ಸೇರಿಸಿಕೊಳ್ಳಬಹುದು. ಗ್ರಾಸಾ ವರದಿ ಕೇಳಿದ್ದು ಎಲ್ಲಕ್ಕೂ, ಸ್ವಇಚ್ಛೆಯಿಂದ ಸೇರುವುದಕ್ಕೂ, 18 ವರ್ಷ.