ಇಬ್ಬರು ಹುಸಾರರು ಮತ್ತು ಮುಗಿಯದ ಹಗೆ: ‘ದಿ ಡ್ಯೂಯಲಿಸ್ಟ್ಸ್’ ಚಿತ್ರದ ಹಿಂದಿನ ಚರಿತ್ರೆ

ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಮೊದಲ ಚಲನಚಿತ್ರ ‘ದಿ ಡ್ಯೂಯಲಿಸ್ಟ್ಸ್’ 1977ರ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಕೃತಿಗೆ ನೀಡುವ ಪ್ರಶಸ್ತಿ ಪಡೆಯಿತು. ನೆಪೋಲಿಯನ್ನನ ಸೈನ್ಯದ ಇಬ್ಬರು ಹುಸಾರ್ (ಹಗುರ ಅಶ್ವದಳದ) ಅಧಿಕಾರಿಗಳು 1800ರಿಂದ 1816ರವರೆಗೆ ಮತ್ತೆ ಮತ್ತೆ ದ್ವಂದ್ವಯುದ್ಧಕ್ಕೆ ಇಳಿಯುವುದೇ ಇದರ ಕಥೆ. ಈ ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ದೃಶ್ಯಗಳ ಸೊಬಗನ್ನು ಹೊಗಳುತ್ತಾರೆ; ಕಥೆಯ ವಿಷಯಕ್ಕೆ ಬಂದಾಗ, ಫೆರೋ ಎಂಬವನು ಹಗೆಯ ಹುಚ್ಚು ಹಿಡಿದವನು, ಡುಬೇರ್ ಎಂಬವನು ಆ ಹುಚ್ಚಿಗೆ ಸಿಕ್ಕಿಕೊಂಡ ಸಜ್ಜನ ಎಂದು ಹೇಳಿ ಮುಗಿಸುತ್ತಾರೆ. ಈ ಓದು ತಪ್ಪಲ್ಲವಾದರೂ ಅರ್ಧದ್ದು. ಬೇಡವೆನಿಸಿದ ಕಾಳಗಕ್ಕೆ ಡುಬೇರ್ ಪ್ರತಿ ಸಲವೂ ಏಕೆ ಹೋಗುತ್ತಾನೆ ಎಂಬುದನ್ನು ತಿಳಿಯಬೇಕಾದರೆ, ಫ್ರಾನ್ಸಿನಲ್ಲಿ ಕಾನೂನು ಮತ್ತು ಮಾನದ ನಡುವೆ ಶತಮಾನಗಳ ಕಾಲ ನಡೆದ ಜಗ್ಗಾಟವನ್ನು ನೋಡಬೇಕಾಗುತ್ತದೆ.

1547ರಲ್ಲಿ ಎರಡನೆಯ ಹೆನ್ರಿ ದೊರೆಯ ಎದುರಿನಲ್ಲಿ, ಅವನ ಅನುಮತಿಯಿಂದಲೇ ಝಾರ್ನಾಕ್ ಎಂಬ ಶ್ರೀಮಂತನು ತನ್ನ ಎದುರಾಳಿಯನ್ನು ಗಾಯಗೊಳಿಸಿ ಗೆದ್ದನು, ಸೋತವನು ಬದುಕಲಿಲ್ಲ. ರಾಜನ ಅಪ್ಪಣೆ ಪಡೆದು ನಡೆದ ಇಂಥ ಕಾಳಗಗಳಲ್ಲಿ ಅದು ಕೊನೆಯದು. 1563ರಲ್ಲಿ ಕ್ಯಾಥೋಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ದ್ವಂದ್ವಯುದ್ಧವನ್ನು ಖಂಡಿಸಿತು, ನಾಲ್ಕನೆಯ ಹೆನ್ರಿ ಅದನ್ನು ನಿಷೇಧಿಸಿ ರಾಜಾಜ್ಞೆ ಹೊರಡಿಸಿದನು, ಹಾಗೆಯೇ ತಪ್ಪಿತಸ್ಥರಿಗೆ ಧಾರಾಳವಾಗಿ ಕ್ಷಮಾದಾನವನ್ನೂ ಮಾಡಿದನು. 1626ರ ಆಜ್ಞೆ ಬಿಗಿಯಾಗಿತ್ತು. ಅದನ್ನು ಧಿಕ್ಕರಿಸಲೆಂದೇ ಪ್ಯಾರಿಸ್ಸಿನ ರಾಜಚೌಕದಲ್ಲಿ (ಪ್ಲಾಸ್ ರೊಯಾಲ್) ಹಾಡಹಗಲೇ ಕಾದಾಡಿದ ಬೂತ್‌ವಿಲ್ ಪ್ರಭುವಿನ ತಲೆಯನ್ನು 1627ರಲ್ಲಿ ತೆಗೆಯಲಾಯಿತು. ಆದರೂ ರೂಢಿ ನಿಲ್ಲಲಿಲ್ಲ. ಕ್ರಾಂತಿಯ ನಂತರದ 1791ರ ದಂಡಸಂಹಿತೆಯಾಗಲಿ, ನೆಪೋಲಿಯನ್ನನ ಕಾಲದ 1810ರ ಸಂಹಿತೆಯಾಗಲಿ ದ್ವಂದ್ವಯುದ್ಧದ ಹೆಸರನ್ನೇ ಎತ್ತಲಿಲ್ಲ. ಮೊದಲು ಶಿಕ್ಷೆಗೆ ಹೆದರದಿದ್ದವರಿಗೆ ಈಗ ಶಿಕ್ಷೆಯ ಸ್ಪಷ್ಟ ಮಾತೇ ಇಲ್ಲದಂತಾಯಿತು.

ಚಿತ್ರದ ಕಥೆ ನಡೆಯುವುದು ಈ ಮೌನದ ಕಾಲದಲ್ಲಿ. ಕ್ರಾಂತಿ ಹುಟ್ಟಿನ ಮೇಲಿನ ಹೆಚ್ಚುಗಾರಿಕೆಯನ್ನು ಅಳಿಸಿತು, ಆದರೆ ಅದರ ಜೊತೆಗೆ ಬರುತ್ತಿದ್ದ ಮಾನದ ಕಟ್ಟಳೆಯನ್ನು ಅಳಿಸಲಿಲ್ಲ. ಹಿಂದೆ ಕುಲೀನರಿಗೆ ಮಾತ್ರ ಮೀಸಲಾಗಿದ್ದ ಆ ಕಟ್ಟಳೆಯನ್ನು ಈಗ ಸೈನ್ಯದಲ್ಲಿ ಅಧಿಕಾರಿಯಾದ ಪ್ರತಿಯೊಬ್ಬನೂ ತನ್ನದೆಂದು ಎತ್ತಿಕೊಂಡನು. ಹೊಸದಾಗಿ ಮೇಲೇರಿದವನಿಗೆ ತಾನು ಯಾರಿಗೂ ಕಡಿಮೆಯಲ್ಲವೆಂದು ತೋರಿಸಲು ಇದ್ದ ಹತ್ತಿರದ ದಾರಿ ಅದು. ಪಂಥವನ್ನು ನಿರಾಕರಿಸಿದ ಅಧಿಕಾರಿಗೆ ತುಕಡಿಯ ಊಟದ ಮೇಜಿನಲ್ಲಿ ಮುಖವೆತ್ತಿ ಕೂರಲು ಆಗುತ್ತಿರಲಿಲ್ಲ. ಮೇಲಧಿಕಾರಿಗಳು ಕಾದಾಟವನ್ನು ಬಾಯಲ್ಲಿ ಗದರಿಸುತ್ತಿದ್ದರು, ಕಾದಾಡದವನನ್ನು ಕಣ್ಣಲ್ಲೇ ಕೀಳಾಗಿ ನೋಡುತ್ತಿದ್ದರು.

ಇಂಥ ವಾತಾವರಣದಲ್ಲೇ ಫೂರ್ನ್ಯೇ ಮತ್ತು ದ್ಯುಪೋಂ ಎಂಬ ಇಬ್ಬರು ನಿಜವಾದ ಅಧಿಕಾರಿಗಳ ಜಗಳ ಹುಟ್ಟಿತು. 1794ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಆರಂಭವಾದ ಅವರ ಹಗೆ ಸುಮಾರು 19 ವರ್ಷ ನಡೆಯಿತೆಂದು ಹೇಳಲಾಗುತ್ತದೆ. ಅವರು ಎಷ್ಟು ಸಲ ಕಾದಾಡಿದರೆಂಬ ಲೆಕ್ಕ ಹೇಳುವವರ ಬಾಯಿಂದ ಬಾಯಿಗೆ ಬದಲಾಗುತ್ತದೆ. ದ್ಯುಪೋಂ 1808ರಲ್ಲಿ ಸ್ಪೇನಿನ ಬೈಲೆನ್‌ನಲ್ಲಿ ಶರಣಾಗಿ ಅಪಕೀರ್ತಿಗೆ ಗುರಿಯಾದನು, 1814ರಲ್ಲಿ ಮರಳಿ ಬಂದ ಅರಸೊತ್ತಿಗೆಯ ಯುದ್ಧಮಂತ್ರಿಯೂ ಆದನು. ಫೂರ್ನ್ಯೇ ಹುಟ್ಟಿದ್ದು ಸಾರ್ಲಾ ಎಂಬ ಊರಿನಲ್ಲಿ. ಚಿತ್ರದ ಬಹುಭಾಗವನ್ನು ಸ್ಕಾಟ್ ಅದೇ ಸೀಮೆಯಲ್ಲಿ ಚಿತ್ರೀಕರಿಸಿದರು. ಈ ಹಗೆಯ ಸುದ್ದಿಯನ್ನು ಆಧರಿಸಿ ಜೋಸೆಫ್ ಕಾನ್ರಾಡ್ 1908ರಲ್ಲಿ ನೀಳ್ಗತೆಯೊಂದನ್ನು ಪ್ರಕಟಿಸಿದರು. ಚಿತ್ರಕ್ಕೆ ಆಧಾರ ಅದೇ.

ಚಿತ್ರದಲ್ಲಿ ಜಗಳದ ಮೂಲ ಅತಿ ಸಣ್ಣದು. ಸ್ಟ್ರಾಸ್‌ಬರ್ಗಿನ ಮೇಯರನ ಬಂಧುವನ್ನು ಕಾಳಗದಲ್ಲಿ ಗಾಯಗೊಳಿಸಿದ ಫೆರೋನಿಗೆ ಗೃಹಬಂಧನದ ಆಜ್ಞೆ ತಲುಪಿಸಿ ಬರಲು ಸೇನಾಪತಿಯು ಡುಬೇರ್‌ನನ್ನು ಕಳುಹಿಸುತ್ತಾನೆ. ಆ ಆಜ್ಞೆಯನ್ನು ಒಬ್ಬ ಮಹಿಳೆಯ ಮನೆಯ ಕೂಟದಲ್ಲಿ ತಲುಪಿಸಿದ್ದೇ ಅವಮಾನವೆಂದು ಫೆರೋ ತಿರುಗಿ ಬೀಳುತ್ತಾನೆ. ಅಲ್ಲಿಂದ ಮುಂದೆ ಕಾರಣ ಯಾರಿಗೂ ಬೇಕಿಲ್ಲ. ಇಷ್ಟು ವರ್ಷ ಬೆಳೆದ ಹಗೆಗೆ ದೊಡ್ಡ ಕಾರಣವೇ ಇರಬೇಕೆಂದು ಸೈನ್ಯವೆಲ್ಲ ನಂಬುತ್ತದೆ, ಆ ನಂಬಿಕೆಯೇ ಹಗೆಗೆ ಗೊಬ್ಬರವಾಗುತ್ತದೆ. ಚಿತ್ರದ ನಿಜವಾದ ಒಳನೋಟ ಇದು ಎಂದು ನನಗೆ ಅನಿಸುತ್ತದೆ: ಮಾನ ಇರುವುದು ಕಾದಾಡುವವರ ಎದೆಯಲ್ಲಿ ಅಲ್ಲ, ಸುತ್ತ ನಿಂತು ನೋಡುವವರ ಕಣ್ಣಿನಲ್ಲಿ. ಸಮಾನ ಪದವಿಯವರು ಮಾತ್ರ ಕಾದಾಡಬಹುದೆಂಬ ನಿಯಮದಿಂದಾಗಿ ಡುಬೇರ್‌ಗೆ ಬಡ್ತಿ ಸಿಕ್ಕಾಗ ಸ್ವಲ್ಪ ಬಿಡುವು ಸಿಗುತ್ತದೆ, ಫೆರೋ ಅದೇ ಪದವಿಗೆ ಏರಿದೊಡನೆ ಆ ಬಿಡುವು ಮುಗಿಯುತ್ತದೆ. ಒಬ್ಬ ಸೈನಿಕನ ಏಳಿಗೆಯೇ ಅವನ ಸಾವಿನ ಕರೆಯಾಗುವ ಈ ಏರ್ಪಾಟನ್ನು ಚಿತ್ರ ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ.

ಕಾಳಗಗಳನ್ನು ರೂಪಿಸಿದ ವಿಲಿಯಂ ಹಾಬ್ಸ್ ಅವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಇಲ್ಲಿ ಪ್ರತಿ ಕಾಳಗಕ್ಕೂ ಬೇರೆಯದೇ ದಣಿವಿದೆ, ಬೇರೆಯದೇ ಭಯವಿದೆ. ಭಾರವಾದ ಕತ್ತಿಗಳನ್ನು ಎತ್ತಲೂ ಆಗದೆ, ನೆತ್ತರು ಮೆತ್ತಿಕೊಂಡು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವ ದೃಶ್ಯದಲ್ಲಿ ಶೌರ್ಯವೆಂಬುದರ ಗುರುತೂ ಉಳಿಯುವುದಿಲ್ಲ. ಜರ್ಮನಿಯ ಲ್ಯೂಬೆಕ್‌ನಲ್ಲಿ ಕುದುರೆಯೇರಿ ಕಾಳಗಕ್ಕೆ ಹೊರಟ ಡುಬೇರ್‌ನ ಮನಸ್ಸಿನಲ್ಲಿ ಹಳೆಯ ನೆನಪುಗಳು ಮಿಂಚಿನಂತೆ ಹಾಯುವಾಗ, ಸಾವಿಗೆ ಅಂಜುವ ಸಾಮಾನ್ಯ ಮನುಷ್ಯ ನಮಗೆ ಕಾಣುತ್ತಾನೆ. 1812ರ ರಷ್ಯಾದ ಹಿಮದಲ್ಲಿ ಸೈನ್ಯವೇ ಹೆಪ್ಪುಗಟ್ಟಿ ಸಾಯುತ್ತಿರುವಾಗಲೂ ಈ ಇಬ್ಬರ ನಡುವಿನ ಹಗೆ ಕರಗುವುದಿಲ್ಲ. ಡುಬೇರ್ ಪಾತ್ರದ ಕೀತ್ ಕ್ಯಾರಡೈನ್ ಮತ್ತು ಫೆರೋ ಪಾತ್ರದ ಹಾರ್ವಿ ಕೈಟೆಲ್ ಅವರ ಅಮೆರಿಕನ್ ಉಚ್ಚಾರ ಕೆಲವರಿಗೆ ಹಿಡಿಸಿಲ್ಲವಾದರೂ, ಕೈಟೆಲ್ ಅವರ ಮುಖದಲ್ಲಿ ಮಡುಗಟ್ಟಿದ ಅಸಮಾಧಾನವನ್ನು ನೋಡಿದ ಮೇಲೆ ಆ ಆಕ್ಷೇಪ ನನಗೆ ದೊಡ್ಡದಾಗಿ ಕಾಣಲಿಲ್ಲ.

ನೆಪೋಲಿಯನ್ ಬಿದ್ದ ಮೇಲೆ ಮರಣದಂಡನೆಯ ಪಟ್ಟಿಯಲ್ಲಿದ್ದ ಫೆರೋನನ್ನು ಉಳಿಸಲು ಡುಬೇರ್ ಗುಟ್ಟಾಗಿ ಪೊಲೀಸ್ ಮಂತ್ರಿ ಫುಶೆಯ ಬಳಿಗೆ ಹೋಗುತ್ತಾನೆ. ಉಪಕಾರ ಮಾಡಿದ್ದು ತಾನೆಂದು ತಿಳಿಯಬಾರದೆಂಬುದೇ ಅವನ ಕೋರಿಕೆ. ಪಾಳುಕೋಟೆಯ ಕೊನೆಯ ಪಿಸ್ತೂಲು ಕಾಳಗದಲ್ಲಿ ಅವನು ಫೆರೋನನ್ನು ಕೊಲ್ಲುವುದಿಲ್ಲ. ನಿನ್ನ ಜೀವ ಇನ್ನು ನನ್ನದು, ನನ್ನ ಪಾಲಿಗೆ ನೀನು ಸತ್ತವನಂತೆ ನಡೆದುಕೊಳ್ಳಬೇಕು ಎಂದು ಕಟ್ಟಳೆಯ ಭಾಷೆಯಲ್ಲೇ ಕಟ್ಟಳೆಯನ್ನು ಮುರಿಯುತ್ತಾನೆ. ಇದು ಕ್ಷಮೆಯಲ್ಲ, ಆದರೆ ಆ ಕಾಲ ಅವನಿಗೆ ಉಳಿಸಿದ್ದ ಒಂದೇ ಬಾಗಿಲು.

ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ಚಿತ್ರದ ಕಥೆ ಆರಂಭವಾಗುವ 1800ರಲ್ಲಿ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಳ್ಳುತ್ತ, ಧೋಂಡಿಯ ವಾಘ್‌ನ ಬೆನ್ನಟ್ಟಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ, 1829ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದಾಗಲೇ ಲಂಡನ್ನಿನ ಬ್ಯಾಟರ್‌ಸೀ ಬಯಲಿನಲ್ಲಿ ವಿಂಚೆಲ್ಸೀ ಪ್ರಭುವಿನೊಂದಿಗೆ ಪಿಸ್ತೂಲು ಹಿಡಿದು ನಿಂತನು; ಇಬ್ಬರಿಗೂ ಗಾಯವಾಗಲಿಲ್ಲ. 1837ರಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ದ್ವಂದ್ವಯುದ್ಧದ ಸಾವುನೋವುಗಳಿಗೂ ಸಾಮಾನ್ಯ ದಂಡಸಂಹಿತೆಯೇ ಅನ್ವಯಿಸುತ್ತದೆಂದು ತೀರ್ಪಿತ್ತಿತು, ಆದರೆ ಪಂಚರು (ಜ್ಯೂರಿಗಳು) ಆರೋಪಿಗಳನ್ನು ಮತ್ತೆ ಮತ್ತೆ ಬಿಡುಗಡೆ ಮಾಡಿದರು. ಚಿತ್ರ ತೆರೆಕಾಣುವುದಕ್ಕೆ ಕೇವಲ ಹತ್ತು ವರ್ಷ ಮೊದಲು, 1967ರಲ್ಲಿ, ಸಂಸತ್ತಿನಲ್ಲಿ ಆಡಿದ ಒಂದು ಬಿರುಸು ಮಾತಿಗಾಗಿ ಗಾಸ್ತೋಂ ದಫೇರ್ ಮತ್ತು ರೆನೆ ರಿಬ್ಯೇರ್ ಎಂಬ ಇಬ್ಬರು ಜನಪ್ರತಿನಿಧಿಗಳು ಪ್ಯಾರಿಸ್ ಪಕ್ಕದ ನ್ಯೋಯಿಯ ತೋಟವೊಂದರಲ್ಲಿ ಕತ್ತಿ ಹಿಡಿದರು. ರಿಬ್ಯೇರ್‌ಗೆ ಎರಡು ಸಲ ಗಾಯವಾದ ಮೇಲೆ ಅದನ್ನು ನಿಲ್ಲಿಸಲಾಯಿತು. ಆ ಕಾಳಗವನ್ನು ನೋಡಲು ಕ್ಯಾಮೆರಾಗಳೂ ಬಂದಿದ್ದವು.