ನಿದ್ದೆ ಬಾರದ ಅಲರ್ಜಿ ಮಾತ್ರೆ: ನುಂಗುವ ಮೊದಲು ಪಟ್ಟಿಯ ಹಿಂಬದಿ ಓದಿ

‘ನಿದ್ದೆ ಬಾರದ ಅಲರ್ಜಿ ಮಾತ್ರೆ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಬ್ಬರ ಕೈಗೆ ಸೆಟಿರಿಜಿನ್ ಬರುತ್ತದೆ, ಇನ್ನೊಬ್ಬರಿಗೆ ಲಿವೋಸೆಟಿರಿಜಿನ್, ಮತ್ತೊಬ್ಬರಿಗೆ ಫೆಕ್ಸೊಫೆನಡಿನ್. ಮೂರರ ಕೆಲಸವೂ ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ಸೀನು, ತುರಿಕೆ ತರಿಸುವ ದೇಹದ ರಾಸಾಯನಿಕವನ್ನು ತಡೆಯುವುದೇ. ಆದರೆ ಯಾವುದನ್ನು ಯಾವುದರ ಜೊತೆ ನುಂಗಬಾರದು, ಯಾರಿಗೆ ಅರ್ಧ ಡೋಸ್ ಸಾಕು, ಯಾವುದನ್ನು ನುಂಗಿ ಗಾಡಿ ಓಡಿಸಬಹುದು ಎಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ. ಹಾಗಾಗಿ ಮೊದಲ ಕೆಲಸ, ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ಮಗುಚಿ ಹಿಡಿದು ದಪ್ಪಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಓದುವುದು. ಪಟ್ಟಿ ಕತ್ತರಿಸಿ ಎರಡೇ ಮಾತ್ರೆ ಕೊಟ್ಟರೆ ಹೆಸರಿರುವ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. ಆಗ ಕೇಳಿ ಬರೆದುಕೊಳ್ಳಿ.

ಅವಿಲ್ ಎಂದು ಎಲ್ಲರೂ ಬಲ್ಲ ಫೆನಿರಮಿನ್, ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್ ಹಳೆಯ ತಲೆಮಾರಿನವು. ಇವು ಸಲೀಸಾಗಿ ಮೆದುಳಿಗೆ ಹೋಗುತ್ತವೆ. ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಕೂಡ ಒಂದು. ಅಲ್ಲಿ ಅದನ್ನು ತಡೆದರೆ ತೂಕಡಿಕೆ ಬರದೆ ಇರುತ್ತದೆಯೇ? ರಾತ್ರಿ ನುಂಗಿದರೂ ಮರುದಿನ ಬೆಳಿಗ್ಗೆ ಮಂಪರು ಉಳಿದಿರುತ್ತದೆ. ನಿದ್ದೆ ಬಂದಂತೆ ಅನಿಸದಿದ್ದರೂ ಬ್ರೇಕ್ ಒತ್ತುವ ಕಾಲು ತಡವಾಗುತ್ತದೆ. ವಯಸ್ಸಾದವರಿಗೆ ಇನ್ನೂ ಕಷ್ಟ: ಬಾಯಿ ಒಣಗುತ್ತದೆ, ಮಲಬದ್ಧತೆ, ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಮೂತ್ರ ಕಟ್ಟುವುದು, ರಾತ್ರಿ ಎದ್ದಾಗ ಬೀಳುವುದು. ಮನೆಯ ಹಿರಿಯರ ಔಷಧಿ ಡಬ್ಬಿಯಲ್ಲಿ ಈ ಹಳೆಯ ಮಾತ್ರೆಗಳಿದ್ದರೆ ಅವರ ವೈದ್ಯರಿಗೆ ಒಮ್ಮೆ ತೋರಿಸಿ.

ಸೆಟಿರಿಜಿನ್, ಫೆಕ್ಸೊಫೆನಡಿನ್, ಲೊರಟಡಿನ್, ಬಿಲಾಸ್ಟಿನ್ ಮೊದಲಾದ ಹೊಸ ತಲೆಮಾರಿನ ಔಷಧಿಗಳು ಮೆದುಳಿಗೆ ಹೆಚ್ಚು ಹೋಗುವುದಿಲ್ಲ. ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಇದೆ, ಒಳನುಗ್ಗುವ ಕಣಗಳನ್ನು ಅದು ಹೊರಗೆ ತಳ್ಳುತ್ತದೆ. ಫೆಕ್ಸೊಫೆನಡಿನ್ ಈ ಬಾಗಿಲಲ್ಲಿ ಬಹುಪಾಲು ನಿಂತುಬಿಡುತ್ತದೆ. ಸೆಟಿರಿಜಿನ್ ಅಷ್ಟು ನಿಲ್ಲುವುದಿಲ್ಲ. 10 ಮಿ.ಗ್ರಾಂ ಸೆಟಿರಿಜಿನ್ ತೆಗೆದುಕೊಂಡವರಲ್ಲಿ ಶೇ 14ರಷ್ಟು ಜನರಿಗೆ ಮಂಪರು ಬಂದಿತ್ತು, ಔಷಧಿಯೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಅದು ಶೇ 6 ಎಂದು ಅಮೆರಿಕದಲ್ಲಿ ಈ ಔಷಧಿಯ ಅಧಿಕೃತ ಮಾಹಿತಿಪತ್ರವೇ ಹೇಳುತ್ತದೆ. ಆದ್ದರಿಂದ ಸೆಟಿರಿಜಿನ್ ಅಥವಾ ಲಿವೋಸೆಟಿರಿಜಿನ್ ಮೊದಲ ಸಲ ತೆಗೆದುಕೊಳ್ಳುವಾಗ ರಾತ್ರಿ ತೆಗೆದುಕೊಳ್ಳಿ. ಮರುದಿನ ಹೇಗಿದೆ ನೋಡಿಕೊಂಡೇ ಬೈಕ್ ಹತ್ತಿ. ಬಸ್ಸು, ಲಾರಿ, ಆಟೊ ಓಡಿಸುವವರು, ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವವರು ಫೆಕ್ಸೊಫೆನಡಿನ್ ಅಥವಾ ಲೊರಟಡಿನ್ ಕೇಳುವುದು ವಾಸಿ. ಮದ್ಯದ ಜೊತೆ ಯಾವುದೂ ಬೇಡ.

ದೊಡ್ಡವರಿಗೆ ದಿನಕ್ಕೊಂದೇ ಮಾತ್ರೆ: ಸೆಟಿರಿಜಿನ್ 10 ಮಿ.ಗ್ರಾಂ, ಲಿವೋಸೆಟಿರಿಜಿನ್ 5, ಲೊರಟಡಿನ್ 10, ಬಿಲಾಸ್ಟಿನ್ 20. ಫೆಕ್ಸೊಫೆನಡಿನ್ ಸಾಮಾನ್ಯವಾಗಿ ಮೂಗಿನ ಅಲರ್ಜಿಗೆ 120, ಪಿತ್ತಗಂಧೆಗೆ 180. ‘ಲಿವೋ’ ಅಂದರೆ ಬೇರೆ ಔಷಧಿಯಲ್ಲ. ಎಡಗೈ ಬಲಗೈಗಳಂತೆ ಜೋಡಿಯಾಗಿರುವ ಸೆಟಿರಿಜಿನ್ ಕಣಗಳಲ್ಲಿ ಕೆಲಸ ಮಾಡುವ ಅರ್ಧವನ್ನಷ್ಟೇ ಬೇರ್ಪಡಿಸಿದ್ದು, ಅದಕ್ಕೇ ಡೋಸ್ ಕೂಡ ಅರ್ಧ. ಬೆಳಿಗ್ಗೆ ಅದು, ರಾತ್ರಿ ಇದು ನುಂಗಿದರೆ ಒಂದೇ ಔಷಧಿಯನ್ನು ಎರಡು ಸಲ ನುಂಗಿದಂತಾಯಿತು. ಹಟ ಹಿಡಿದ ಪಿತ್ತಗಂಧೆಗೆ ಚರ್ಮವೈದ್ಯರು ಡೋಸನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಅದು ಅವರ ಕಣ್ಗಾವಲಲ್ಲಿ ನಡೆಯುವ ಲೆಕ್ಕ, ನಾವೇ ಮನೆಯಲ್ಲಿ ಹಾಕಿಕೊಳ್ಳುವುದಲ್ಲ.

ಇನ್ನು ‘ಮಾತ್ರೆ ಕೆಲಸವೇ ಮಾಡಲಿಲ್ಲ’ ಎಂಬ ದೂರು. ಫೆಕ್ಸೊಫೆನಡಿನ್ ವಿಷಯದಲ್ಲಿ ಇದಕ್ಕೆ ಕಾರಣ ಎಷ್ಟೋ ಸಲ ಪಕ್ಕದ ಲೋಟದಲ್ಲಿರುತ್ತದೆ. ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ರಸಗಳು ಈ ಔಷಧಿಯನ್ನು ಕರುಳಿನಿಂದ ರಕ್ತಕ್ಕೆ ಸಾಗಿಸುವ ಪ್ರೋಟೀನನ್ನು ತಡೆಯುತ್ತವೆ. ಮೂರನೇ ಒಂದು ಭಾಗಕ್ಕೂ ಹೆಚ್ಚು ಔಷಧಿ ಒಳಗೆ ಸೇರದೆಯೇ ಹೊರಟುಹೋಗಬಹುದು. ಎದೆಯುರಿಗೆಂದು ಕುಡಿಯುವ ಅಲ್ಯುಮಿನಿಯಂ-ಮೆಗ್ನೀಷಿಯಂ ಆಂಟಾಸಿಡ್ ಕೂಡ ಹೀಗೆಯೇ: ಕಾಲು ಗಂಟೆಯ ಅಂತರದಲ್ಲಿ ಎರಡನ್ನೂ ತೆಗೆದುಕೊಂಡಾಗ ಸುಮಾರು ಶೇ 40ರಷ್ಟು ಔಷಧಿ ನಷ್ಟವಾದದ್ದು ದಾಖಲಾಗಿದೆ. ನೀರಿನಲ್ಲಿ ನುಂಗಿ, ಆಂಟಾಸಿಡ್‌ಗೂ ಇದಕ್ಕೂ ಎರಡು ಗಂಟೆ ಬಿಡಿ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್‌ನಿಂದ ಈ ತೊಂದರೆ ಇಲ್ಲ. ಬಿಲಾಸ್ಟಿನ್ ಇನ್ನೂ ಕಟ್ಟುನಿಟ್ಟು: ಊಟಕ್ಕೆ, ಹಣ್ಣಿನ ರಸಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ. ತಿಂಡಿಯ ಜೊತೆಗೇ ನುಂಗುವ ಅಭ್ಯಾಸ ಇರುವವರಿಗೆ ಸೆಟಿರಿಜಿನ್ ಸುಲಭ, ಅದಕ್ಕೆ ಊಟದ ಹಂಗಿಲ್ಲ.

ಫೆಕ್ಸೊಫೆನಡಿನ್ ಹುಟ್ಟಿದ್ದೇ ಇಂಥದೊಂದು ತೊಡಕಿನಿಂದ. ಅದಕ್ಕೂ ಮೊದಲು ಟರ್ಫೆನಡಿನ್ ಎಂಬ ಮಾತ್ರೆ ಬಲು ಜನಪ್ರಿಯವಾಗಿತ್ತು. ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಅಥವಾ ಕೀಟೊಕೊನಜೋಲ್ ಎಂಬ ಫಂಗಸ್ ಔಷಧಿಯ ಜೊತೆ ತೆಗೆದುಕೊಂಡಾಗ ಲಿವರ್ ಅದನ್ನು ಕರಗಿಸಲಾಗದೆ, ರಕ್ತದಲ್ಲಿ ಹೆಚ್ಚಾಗಿ, ಹೃದಯದ ಬಡಿತ ಪ್ರಾಣಾಪಾಯದ ಮಟ್ಟಕ್ಕೆ ತಪ್ಪುತ್ತಿತ್ತು. ಟರ್ಫೆನಡಿನ್ ದೇಹದಲ್ಲಿ ಬದಲಾಗಿ ಆಗುವ, ಹೃದಯಕ್ಕೆ ತೊಂದರೆ ಕೊಡದ ರೂಪವೇ ಫೆಕ್ಸೊಫೆನಡಿನ್. ಅಮೆರಿಕದಲ್ಲಿ 1996ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು, 1998ರಲ್ಲಿ ಟರ್ಫೆನಡಿನ್ ಮಾರುಕಟ್ಟೆಯಿಂದ ಹೋಯಿತು.

ಸಕ್ಕರೆ ಕಾಯಿಲೆ, ಬಿ.ಪಿ. ಬಹಳ ವರ್ಷಗಳಿಂದ ಇರುವವರು ಸೆಟಿರಿಜಿನ್ ಕೊಳ್ಳುವ ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ತಮ್ಮ ಕ್ರಿಯಾಟಿನಿನ್ ವರದಿ ನೆನಪಿಸಿಕೊಳ್ಳಬೇಕು. ಸೆಟಿರಿಜಿನ್, ಲಿವೋಸೆಟಿರಿಜಿನ್ ಎರಡೂ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುವಂಥವು. ಕಿಡ್ನಿ ಸೋತಿದ್ದರೆ ದೇಹದಲ್ಲೇ ಉಳಿದು ಮಂಪರು ಹೆಚ್ಚುತ್ತದೆ. ಅಂಥವರಿಗೆ ವೈದ್ಯರು ಸೆಟಿರಿಜಿನ್ 5 ಮಿ.ಗ್ರಾಂಗೆ ಇಳಿಸುತ್ತಾರೆ ಇಲ್ಲವೇ ದಿನ ಬಿಟ್ಟು ದಿನ ಕೊಡುತ್ತಾರೆ. ಡಯಾಲಿಸಿಸ್‌ನಲ್ಲಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಹೆಚ್ಚು ಅನುಭವವಿರುವುದು ಲೊರಟಡಿನ್ ಮತ್ತು ಸೆಟಿರಿಜಿನ್‌ನಲ್ಲಿ. ಅವನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮಕ್ಕಳ ಸಿರಪ್ಪಿನಲ್ಲಿ ತಪ್ಪಾಗುವುದು ಚಮಚದಿಂದ. ಅಡುಗೆಮನೆಯ ಒಂದು ಚಮಚ 3 ಮಿ.ಲೀ. ಹಿಡಿದರೆ ಇನ್ನೊಂದು 7 ಹಿಡಿಯುತ್ತದೆ. ಬಾಟಲಿಯ ಮುಚ್ಚಳದ ಮೇಲಿನ ಅಳತೆಲೋಟವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಗೆರೆಯ ಮಟ್ಟಕ್ಕೆ ಕಣ್ಣು ತಂದು ಸುರಿಯಿರಿ. ಸೂಜಿಯಿಲ್ಲದ ಸಿರಿಂಜ್ ಇದ್ದರೆ ಇನ್ನೂ ಒಳ್ಳೆಯದು. 5 ಮಿ.ಲೀ.ಗೆ 5 ಮಿ.ಗ್ರಾಂ ಇರುವ ಸೆಟಿರಿಜಿನ್ ಸಿರಪ್ಪಾದರೆ 2ರಿಂದ 6 ವರ್ಷದ ಮಕ್ಕಳಿಗೆ 2.5 ಮಿ.ಲೀ. ದಿನಕ್ಕೆರಡು ಸಲ, 6ರಿಂದ 12 ವರ್ಷದವರಿಗೆ 5 ಮಿ.ಲೀ. ಎರಡು ಸಲ ವಾಡಿಕೆ. ಎರಡು ವರ್ಷದೊಳಗಿನ ಕೂಸಿಗೆ ಮಕ್ಕಳ ವೈದ್ಯರು ಹೇಳದೆ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಕಟ್ಟಿದ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್ ಬೆರೆತ ಶೀತದ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಲೇಬಲ್ಲಿನ ಮೇಲೆಯೇ ಮುದ್ರಿಸಲು ಸೂಚಿಸಿದ್ದಾರೆ. ಅಜ್ಜಿಯ ಮನೆಯಲ್ಲಿ ಉಳಿದ ಹಳೆಯ ಬಾಟಲಿಯ ಮೇಲೆ ಆ ಸಾಲು ಇರಲಿಕ್ಕಿಲ್ಲ.

ಬೆರಕೆ ಮಾತ್ರೆಗಳ ಬಗ್ಗೆ ನಮಗೆ ಹೆಚ್ಚು ಆತಂಕ. ‘ಶೀತದ ಮಾತ್ರೆ’ ಎಂದು ಕೊಳ್ಳುವುದರಲ್ಲಿ ಪ್ಯಾರಸಿಟಮಾಲ್, ಫಿನೈಲೆಫ್ರಿನ್ ಜೊತೆ ಸೆಟಿರಿಜಿನ್ ಅಥವಾ ಕ್ಲೋರ್‌ಫೆನಿರಮಿನ್ ಆಗಲೇ ಇರುತ್ತದೆ. ಅದರ ಮೇಲೆ ಅಲರ್ಜಿ ಮಾತ್ರೆ, ಜ್ವರಕ್ಕೆ ಇನ್ನೊಂದು ಪ್ಯಾರಸಿಟಮಾಲ್ ಸೇರಿದರೆ ಎರಡೂ ಇಮ್ಮಡಿ. ಲಿವೋಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಎಂಬ ಉಬ್ಬಸದ ಔಷಧಿ ಬೆರೆತ ಮಾತ್ರೆಯಂತೂ ಮನೆಮನೆಯಲ್ಲಿದೆ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಯೂ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿತು. ಬರೀ ಸೀನಿಗೆ ಅದು ಬೇಕೇ ಎಂದು ಬರೆದುಕೊಟ್ಟವರನ್ನು ಕೇಳಿ.

ಸೀನು, ಮೂಗು ಸೋರುವುದು, ಕಣ್ಣು ಮೂಗಿನ ತುರಿಕೆ, ಮೈಮೇಲಿನ ಗಂಧೆ ಇವಿಷ್ಟಕ್ಕೆ ಈ ಮಾತ್ರೆಗಳು ಚೆನ್ನಾಗಿ ಆಗುತ್ತವೆ. ಕಟ್ಟಿದ ಮೂಗಿಗೆ ಅಷ್ಟಾಗಿ ಆಗುವುದಿಲ್ಲ. ತಿಂಗಳುಗಟ್ಟಲೆ ಮೂಗು ಕಟ್ಟುವವರಿಗೆ ಸ್ಟೆರಾಯ್ಡ್ ಮೂಗಿನ ಸ್ಪ್ರೇ ಹೆಚ್ಚು ಗುಣ ಕೊಡುತ್ತದೆ, ದಿನಾ ಹೊಡೆಯಬೇಕು, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಕಾಡುವ ಅಲರ್ಜಿಗೆ ಸೀನು ಶುರುವಾದ ಮೇಲೆ ನುಂಗುವುದಕ್ಕಿಂತ ಆ ವಾರಗಳಲ್ಲಿ ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು ಪರಿಣಾಮಕಾರಿ. ಅಟ್ಟದ ಧೂಳು ಹೊಡೆಯುವ, ರಾಗಿ ಒಕ್ಕುವ ಕೆಲಸವಿದ್ದರೆ ಒಂದೆರಡು ಗಂಟೆ ಮೊದಲೇ ನುಂಗಿ ಮಾಸ್ಕ್ ಹಾಕಿಕೊಳ್ಳಿ.

ಆದರೆ ಜೇನು ಕಚ್ಚಿ, ಅಥವಾ ಕಡಲೆಕಾಯಿ, ಸಿಗಡಿ ತಿಂದು, ಇಂಜೆಕ್ಷನ್ ಚುಚ್ಚಿಸಿಕೊಂಡು ನಾಲಿಗೆ ಊದಿದರೆ, ಧ್ವನಿ ಕಟ್ಟಿದರೆ, ಉಸಿರು ಸಿಳ್ಳೆ ಹೊಡೆದರೆ, ತಲೆ ಸುತ್ತಿ ಬಿದ್ದರೆ ಅಲರ್ಜಿ ಮಾತ್ರೆ ಹುಡುಕುತ್ತ ಕೂರಬೇಡಿ. ಮಾತ್ರೆ ಕೆಲಸ ಶುರು ಮಾಡಲು ಒಂದು ಗಂಟೆಯವರೆಗೂ ಬೇಕಾಗಬಹುದು, ಶ್ವಾಸನಾಳ ಅಷ್ಟು ಹೊತ್ತು ಕಾಯುವುದಿಲ್ಲ. ಆಗ ಬೇಕಾದದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ನಿಲ್ಲಿಸುವ ಬಗ್ಗೆ ಎರಡು ವಿಷಯ. ಚರ್ಮದ ಅಲರ್ಜಿ ಪರೀಕ್ಷೆಗೆ ದಿನ ಗೊತ್ತಾಗಿದ್ದರೆ ವಾರ ಮೊದಲೇ ಮಾತ್ರೆ ಬಿಡಬೇಕಾದೀತು, ಇಲ್ಲವಾದರೆ ಅಲರ್ಜಿ ಇದ್ದರೂ ದದ್ದು ಏಳುವುದಿಲ್ಲ. ಎಂದಿನಿಂದ ಎಂದು ಲ್ಯಾಬಿನವರನ್ನೇ ಕೇಳಿ. ಎರಡನೆಯದು, ಸೆಟಿರಿಜಿನ್ ಅಥವಾ ಲಿವೋಸೆಟಿರಿಜಿನ್ ತಿಂಗಳುಗಟ್ಟಲೆ ದಿನಾ ನುಂಗಿ ಥಟ್ಟನೆ ಬಿಟ್ಟಾಗ ಕೆಲವರಿಗೆ ಒಂದೆರಡು ದಿನಗಳಲ್ಲಿ ಮೈಯೆಲ್ಲ ವಿಪರೀತ ತುರಿಕೆ ಏಳುತ್ತದೆ. ಅಪರೂಪ, ಆದರೆ ನಿಜ. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿತು. ಹಳೆಯ ಅಲರ್ಜಿಯೇ ಮರುಕಳಿಸಿತು ಎಂದುಕೊಂಡು ಜನ ಮತ್ತೆ ವರ್ಷಗಟ್ಟಲೆ ನುಂಗುತ್ತಾರೆ. ಹೀಗಾದರೆ ವೈದ್ಯರ ಬಳಿ ಹೋಗಿ. ಸಾಮಾನ್ಯವಾಗಿ ಮಾತ್ರೆಯನ್ನು ಮತ್ತೆ ಶುರು ಮಾಡಿದರೆ ತುರಿಕೆ ಇಳಿಯುತ್ತದೆ, ಆಮೇಲೆ ಅರ್ಧ ಮಾತ್ರೆ, ದಿನ ಬಿಟ್ಟು ದಿನ, ಹೀಗೆ ಅವರು ಮೆಲ್ಲಗೆ ಇಳಿಸುತ್ತಾ ಬಿಡಿಸುತ್ತಾರೆ.